ಹದಿನಾಲ್ಕು ತಿಂಗಳ ಮಗುವಿಗೆ ಆರು ದಿನದಿಂದ ಜ್ವರ: ಹೃದಯದ ಎಕೊ ಏಕೆ?

ಪ್ರಶ್ನೆ (ಮಗುವಿನ ತಂದೆ)

ನಾವು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ನಮ್ಮ ಮಗಳಿಗೆ ಆರು ದಿನಗಳಿಂದ ಜ್ವರವಿದ್ದು, ಪ್ಯಾರಾಸಿಟಮಾಲ್ ಹಾಕಿದಾಗ ಸ್ವಲ್ಪ ಹೊತ್ತು ಇಳಿದು ಮತ್ತೆ 103 ಡಿಗ್ರಿಗೆ ಏರುತ್ತಿದೆ. ಮೊದಲು ನೋಡಿದ ವೈದ್ಯರು ವೈರಲ್ ಜ್ವರವೆಂದರು. ಎರಡನೇ ದಿನ ಮಾಡಿಸಿದ ಡೆಂಗಿಯ ಎನ್‌ಎಸ್‌1 ನೆಗೆಟಿವ್ ಬಂತು. ನಾಲ್ಕನೇ ದಿನ ಇನ್ನೊಬ್ಬರು ವಿಡಾಲ್ ಎಂಬ ರಕ್ತಪರೀಕ್ಷೆಯ ವರದಿ ನೋಡಿ ಟೈಫಾಯ್ಡ್ ಎಂದು ಆಂಟಿಬಯಾಟಿಕ್ ಆರಂಭಿಸಿದರು. ಅದೇ ಸಂಜೆ ಬೆನ್ನು, ಹೊಟ್ಟೆಯ ಮೇಲೆ ಕೆಂಪು ದದ್ದು ಎದ್ದಾಗ ನನ್ನ ತಾಯಿ ‘ಅಮ್ಮ ಬಂದಿದೆ’ ಎಂದು ಹಾಸಿಗೆಯ ಬಳಿ ಬೇವಿನ ಸೊಪ್ಪು ಇಟ್ಟರು. ವೈದ್ಯರು ಅಲರ್ಜಿಯಿರಬಹುದೆಂದು ಔಷಧ ಬದಲಿಸಿದರು. ಇಂದು ಶಿವಮೊಗ್ಗದ ಮಕ್ಕಳ ತಜ್ಞರೊಬ್ಬರು ಕಣ್ಣು, ತುಟಿಗಳನ್ನು ಬಹಳ ಹೊತ್ತು ನೋಡಿ ಹೃದಯದ ಎಕೊ (ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಲು ಹೇಳಿದ್ದಾರೆ. ಜ್ವರಕ್ಕೂ ಹೃದಯಕ್ಕೂ ಏನು ಸಂಬಂಧ? ಯಾರ ಮಾತನ್ನು ನಂಬಬೇಕೋ ತಿಳಿಯುತ್ತಿಲ್ಲ.

ಉತ್ತರ 1 (ಮಕ್ಕಳ ವೈದ್ಯೆ)

ಮಗುವನ್ನು ನೋಡದೆ ರೋಗದ ಹೆಸರು ಹೇಳಲಾರೆ. ಆದರೆ ಎಕೊ ಕೇಳಿದವರ ಮನಸ್ಸಿನಲ್ಲಿರುವುದು ಬಹುಶಃ ಕಾವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕಾವಾಸಾಕಿ ಅವರು 50 ಮಕ್ಕಳಲ್ಲಿ ಕಂಡ ಲಕ್ಷಣಗಳನ್ನು 1967ರಲ್ಲಿ ಪ್ರಕಟಿಸಿದ್ದರೂ, ಇದೇ ಕಾಯಿಲೆಯೆಂದು ಖಚಿತಪಡಿಸುವ ಒಂದು ರಕ್ತಪರೀಕ್ಷೆ ಇಂದಿಗೂ ನಮ್ಮ ಕೈಯಲ್ಲಿಲ್ಲ. ಐದು ದಿನ ಬಿಡದ ಜ್ವರದ ಜೊತೆಗೆ ಗೀಜು ಕಟ್ಟದ ಕೆಂಪು ಕಣ್ಣು, ಒಡೆದ ಕೆಂಪು ತುಟಿ, ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಡ್ಡೆ, ಇವುಗಳಲ್ಲಿ ನಾಲ್ಕಿದ್ದರೆ ಆ ಹೆಸರು ಹೇಳಲು ನಮಗೆ ಧೈರ್ಯ ಬರುತ್ತದೆ. ತೊಡಕೆಂದರೆ, ಒಂದು ವರ್ಷದ ಆಸುಪಾಸಿನ ಮಕ್ಕಳಲ್ಲಿ ಎರಡು ಮೂರು ಮಾತ್ರ ಕಾಣಿಸಿ, ಅವೂ ಒಟ್ಟಿಗೆ ಬಾರದೆ, ಒಂದು ಮಾಯುವಾಗ ಇನ್ನೊಂದು ತಲೆದೋರುವುದುಂಟು. ಆದ್ದರಿಂದ ಎರಡನೇ ದಿನ ನೋಡಿದವರನ್ನು ನಾನು ದೂರಲಾರೆ. ಅಂದು ನನಗೂ ವೈರಲ್ ಎಂದೇ ತೋರುತ್ತಿತ್ತು. ವಿಡಾಲ್ ಬಗ್ಗೆ ಮಾತ್ರ ನನ್ನ ತಕರಾರಿದೆ. ನಾಲ್ಕನೇ ದಿನ ಒಮ್ಮೆ ಮಾಡಿದ ವಿಡಾಲನ್ನು ನೆಚ್ಚಿ ಟೈಫಾಯ್ಡ್ ಎನ್ನಲಾಗದು. ಆಂಟಿಬಯಾಟಿಕ್ ಕೊಡುವ ಮೊದಲೇ, ರೋಗಾಣು ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕಿತ್ತು.

ಈ ಕಾಯಿಲೆಗೆ ಚಿಕಿತ್ಸೆಯಾಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಉಬ್ಬಿಕೊಳ್ಳುತ್ತವೆ. ಜ್ವರ ಬಂದ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಕೊಟ್ಟರೆ ಆ ಅಪಾಯ ಬಹಳ ತಗ್ಗುತ್ತದೆ. ಎಕೊ ಆ ಉಬ್ಬನ್ನು ನೋಡಲಿಕ್ಕಾಗಿ, ಅದು ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತಿಳಿಯಬೇಡಿ. ಎಡತೋಳಿನ ಬಿಸಿಜಿ (ಕ್ಷಯದ ಲಸಿಕೆ) ಕಲೆಯನ್ನೊಮ್ಮೆ ನೋಡಿ ತಿಳಿಸಿ, ಕಾವಾಸಾಕಿಯಲ್ಲಿ ಅದು ಕೆಂಪೇರುವುದುಂಟು.

ಉತ್ತರ 2 (ಒಬ್ಬ ತಾಯಿ)

ನಮ್ಮ ಮಗನಿಗೂ ಹೀಗೆಯೇ ಬಿಡದ ಜ್ವರವಿತ್ತು. ಹಲ್ಲು ಬರುವ ಜ್ವರವೆಂದು ಮನೆಯವರೆಲ್ಲ ಸುಮ್ಮನಿದ್ದರು. ಕೊನೆಗೆ ಅದು ಮೂತ್ರದ ಸೋಂಕಾಗಿತ್ತು. ಮೂತ್ರ ಪರೀಕ್ಷೆ ಮಾಡಿಸಿದ್ದೀರಾ ಸರ್?

ಉತ್ತರ 3 (ಆರೋಗ್ಯ ಸಿಬ್ಬಂದಿ, ಮಲೆನಾಡು)

ಮಂಗನ ಕಾಯಿಲೆಗೆ ಈ ಮಳೆಗಾಲ ಕಾಲವಲ್ಲ, ಆದರೆ ಸಣ್ಣ ಹುಳದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ ಹೌದು. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಡಯಾಪರ್ ಮುಚ್ಚುವ ಜಾಗಗಳಲ್ಲಿ ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಇದೆಯೇ ಎಂದು ಬೆಳಕಿನಲ್ಲಿ ಹುಡುಕಿರಿ. ಅದು ನೋಯುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗದೆ ಉಳಿದುಬಿಡುತ್ತದೆ.

ಪ್ರಶ್ನೆ ಕೇಳಿದವರು

ಕಪ್ಪು ಗುರುತು ಎಲ್ಲಿಯೂ ಸಿಗಲಿಲ್ಲ. ಆದರೆ ನನ್ನ ಹೆಂಡತಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ನೋಡಿದರೆ, ಎಂದೋ ಒಣಗಿದ್ದ ಬಿಸಿಜಿ ಕಲೆಯ ಸುತ್ತ ಎಂಟಾಣೆಯಷ್ಟು ಅಗಲ ಕೆಂಪಾಗಿ ಗಟ್ಟಿಯಾಗಿದೆ. ಮೂತ್ರದಲ್ಲಿ ಕೀವುಕಣಗಳಿವೆ ಎಂದು ವರದಿ ಬಂದಿದೆ, ಪ್ಲೇಟ್‌ಲೆಟ್ 4,80,000 ಇದೆ. ಹಾಗಾದರೆ ಮೂತ್ರದ ಸೋಂಕೇ?

ಉತ್ತರ 4 (ಅದೇ ವೈದ್ಯೆ)

ಕಾವಾಸಾಕಿಯಲ್ಲಿಯೂ ಸೋಂಕಿಲ್ಲದೆ ಮೂತ್ರದಲ್ಲಿ ಕೀವುಕಣಗಳು ಕಾಣಿಸುತ್ತವೆ, ಆದ್ದರಿಂದ ಕಲ್ಚರ್ ವರದಿ ಬೇಕು. ಆಂಟಿಬಯಾಟಿಕ್ ಆಗಲೇ ಬಿದ್ದಿರುವುದರಿಂದ ಅದೂ ಪೂರ್ತಿ ನಂಬುವಂತಿರುವುದಿಲ್ಲ. ಡೆಂಗಿಯಾಗಿದ್ದರೆ ಈ ಹೊತ್ತಿಗೆ ಪ್ಲೇಟ್‌ಲೆಟ್ ಇಳಿದಿರುವುದೇ ಹೆಚ್ಚು. ಬಿಸಿಜಿ ಕಲೆ ಕೆಂಪೇರಿರುವ ವಿಷಯವನ್ನು ರಾತ್ರಿಯೇ ನಿಮ್ಮ ವೈದ್ಯರಿಗೆ ತಿಳಿಸಿ, ಬೆಳಗಾಗುವವರೆಗೆ ಕಾಯಬೇಡಿ.

ಪ್ರಶ್ನೆ ಕೇಳಿದವರು (ಐದು ದಿನಗಳ ನಂತರ)

ಎಕೊ ನಾರ್ಮಲ್ ಇತ್ತು, ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ‘ಪೂರ್ಣ ಲಕ್ಷಣಗಳಿಲ್ಲ, ಆದರೂ ಕಾಯುವುದು ಸರಿಯಲ್ಲ’ ಎಂದು ಹೇಳಿ ಏಳನೇ ದಿನ ಇಮ್ಯುನೊಗ್ಲಾಬ್ಯುಲಿನ್ ಹಾಕಿದರು; ಒಂಬತ್ತು ಕಿಲೋ ತೂಕಕ್ಕೆ 18 ಗ್ರಾಂ, ಇಡೀ ರಾತ್ರಿ ಹನಿಹನಿಯಾಗಿ ಹೋಯಿತು. ಮರುದಿನ ಸಂಜೆಯಿಂದ ಜ್ವರವಿಲ್ಲ, ನಿನ್ನೆ ಬೆರಳ ತುದಿಯ ಸಿಪ್ಪೆ ಏಳಲಾರಂಭಿಸಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಈಗಲೂ ‘ಅಪೂರ್ಣ ಕಾವಾಸಾಕಿ?’ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆಯೇ ಬರೆದಿದ್ದಾರೆ. ಮತ್ತೆರಡು ಎಕೊ ಬಾಕಿ ಇವೆ. ದಡಾರ–ರುಬೆಲ್ಲಾ ಲಸಿಕೆಯ ಎರಡನೇ ಡೋಸನ್ನು, ಇಮ್ಯುನೊಗ್ಲಾಬ್ಯುಲಿನ್ ಅದರ ಕೆಲಸಕ್ಕೆ ಅಡ್ಡಿಯಾಗುತ್ತದೆಂದು, ಹನ್ನೊಂದು ತಿಂಗಳು ಮುಂದೂಡಲು ಹೇಳಿದ್ದು, ಅದನ್ನು ತಾಯಿ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆಸಿಕೊಂಡು ಬಂದಿದ್ದೇನೆ.