ಅಪ್‌ಡೇಟ್: ಬ್ಯಾಂಡ್ ಹಾಕಿಸಿದ ಮೇಲೆ ಊಟ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತಲ್ಲ, ಈಗ ಇಳಿಯುತ್ತಿದೆ

ತೂಕ ಇಳಿಸಲು ಆಪರೇಷನ್ ಮಾಡಿಸಿ ಜಠರದ ಮೇಲ್ಭಾಗಕ್ಕೆ ಬಳೆ ತರಹದ ಬ್ಯಾಂಡ್ ಹಾಕಿಸಿದ್ದೇನೆ, ಮುದ್ದೆ, ಅನ್ನ ಎರಡೂ ಎದೆಯಲ್ಲೇ ನಿಂತು ವಾಂತಿಯಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಉಪಯೋಗಕ್ಕೆ ಬಂದದ್ದು ದಾವಣಗೆರೆಯ ಅಕ್ಕ ಒಬ್ಬರ ಮಾತು. ಊಟದ ಜೊತೆ ನೀರು ಬೇಡ, ಟೀ ಚಮಚದಷ್ಟೇ ತುತ್ತು, ಬಾಯಲ್ಲಿ ಪೂರ್ತಿ ನುಣ್ಣಗಾದ ಮೇಲೇ ನುಂಗು ಅಂದಿದ್ದರು. ಈಗ ಊಟವಾಗಿ ಅರ್ಧ ಗಂಟೆ ಬಿಟ್ಟು ನೀರು ಕುಡಿಯುತ್ತೇನೆ. ನಮ್ಮ ಚಿತ್ರದುರ್ಗದ ಕಡೆ ಮುದ್ದೆ ಅಗಿಯುವುದೇ ಇಲ್ಲ, ಸಾರಲ್ಲಿ ಅದ್ದಿ ನುಂಗುವುದು ಅಲ್ವಾ? ಬ್ಯಾಂಡ್ ಇದ್ದರೆ ಅದು ಆಗುವುದಿಲ್ಲ. ತುತ್ತು ಹೋಗಿ ಬ್ಯಾಂಡ್ ಬಿಗಿದ ಕಿರಿದಾದ ಜಾಗದಲ್ಲೇ ಕೂರುತ್ತದೆ. ನಾನೀಗ ಖಡಕ್ ರೊಟ್ಟಿ ಚೂರು ಚೂರು ಮುರಿದು, ಮೆತ್ತಗೆ ಬೆಂದ ಹೆಸರುಕಾಳು ಪಲ್ಯದ ಜೊತೆ ಅಗಿದು ತಿನ್ನುತ್ತೇನೆ. ಆಪರೇಷನ್‌ಗೆ ಕಾಯುತ್ತಿರುವವರು ಈ ಅಭ್ಯಾಸ ಈಗಲೇ ಶುರು ಮಾಡಿ.

ಬಿಸಿನೀರು ಕುಡಿದರೆ ಇಳಿಯುತ್ತದೆ ಅಂದಿದ್ದರು ಕೆಲವರು. ನನಗೆ ನೋವು ಜಾಸ್ತಿಯಾಯಿತು ಅಷ್ಟೇ.

ಐಸ್‌ಕ್ರೀಂ, ಮಿಲ್ಕ್‌ಶೇಕ್ ಮಾತ್ರ ಸಲೀಸಾಗಿ ಜಾರಿಬಿಡುತ್ತವೆ! ಹೊಟ್ಟೆ ತುಂಬುವುದಿಲ್ಲ, ತೂಕವೂ ಇಳಿಯುವುದಿಲ್ಲ. ಇದು ನನಗೆ ಹೊಸದು.

ಡಾಕ್ಟರಿಗೂ ತೋರಿಸಿದೆ. ಬ್ಯಾಂಡ್ ಸ್ವಲ್ಪ ಬಿಗಿ ಇತ್ತಂತೆ. ಚರ್ಮದ ಕೆಳಗೆ ಬ್ಯಾಂಡ್‌ಗೆ ಸೇರಿಸಿರುವ ಪುಟ್ಟ ಪೋರ್ಟ್‌ಗೆ ಸೂಜಿ ಹಾಕಿ, ಬ್ಯಾಂಡ್ ಒಳಗಿನ ಸಲೈನ್ (ಉಪ್ಪುನೀರು) ಒಂಚೂರು ತೆಗೆದು ಸಡಿಲ ಮಾಡಿದರು. ಮತ್ತೆ ಆಪರೇಷನ್ ಬೇಕಾಗಲಿಲ್ಲ. ನೀರೂ ಇಳಿಯದಿದ್ದರೆ ಮಾತ್ರ ಮನೆಮದ್ದು ಬೇಡ, ಬ್ಯಾಂಡ್ ಜಾರಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.