ಕೆರೆ ಸುತ್ತಿನ ಹಕ್ಕಿ ಪಟ್ಟಿ ಇ-ಬರ್ಡ್‌ಗೆ ಹಾಕುವುದು ಹೇಗೆ? ಗೂಡಿನ ಜಾಗ ಬರೆಯಬಹುದೇ?

ಟಿಟ್ಟಿಭ:

ಎಲ್ಲರಿಗೂ ನಮಸ್ಕಾರ. ಕೆರೆ ಏರಿಯ ಮೇಲೆ ಒಂದು ಸುತ್ತು, ಹಿಂದಿನ ಕುರುಚಲು ಕಾಡಿನಲ್ಲಿ ಸ್ವಲ್ಪ ದೂರ, ಒಟ್ಟು ಮೂರು ಗಂಟೆಯ ನಡಿಗೆ. ಅಲ್ಲಿ ಕಂಡ ಹಕ್ಕಿಗಳೆಲ್ಲ ಈವರೆಗೆ ನೋಟ್‌ಬುಕ್ಕಿನಲ್ಲೇ ಇವೆ. ಇನ್ನು ಮುಂದೆ ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕಬೇಕೆಂದಿದ್ದೇನೆ. ಇಡೀ ನಡಿಗೆಗೆ ಒಂದೇ ಚೆಕ್‌ಲಿಸ್ಟ್ ಸಾಕೇ? ಹಳೆಯ ಪುಟಗಳಲ್ಲಿ ದಿನಾಂಕ, ಹಕ್ಕಿಯ ಹೆಸರು ಇದೆ, ಸಮಯ ಬರೆದಿಲ್ಲ. ಅವನ್ನು ಹಾಕಬಹುದೇ? ಬಾತುಗಳ ದೊಡ್ಡ ಹಿಂಡಿದ್ದಾಗ ಸಂಖ್ಯೆಯ ಬದಲು ‘ಎಕ್ಸ್’ ಹಾಕಿದರೆ ತಪ್ಪೇ?

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಕುರುಚಲು ಕಾಡಿನ ಬಂಡೆ ಸಂದಿಯಲ್ಲಿ ಕೊಂಬಿನ ಗೂಬೆ ಗೂಡು ಮಾಡಿದೆ, ಮರಿಗಳಿವೆ. ದಾಖಲಿಸದಿದ್ದರೆ ಮಾಹಿತಿ ಕಳೆದುಹೋಗುತ್ತದೆ, ದಾಖಲಿಸಿದರೆ ಜನ ಮುತ್ತಿಕೊಳ್ಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಆಗಲೇ ಫೋಟೋ ಕೇಳುತ್ತಿದ್ದಾರೆ. ಏನು ಮಾಡುವುದು ಸರಿ?

ನೀರುಕಾಗೆ:

ಪಟ್ಟಿಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಗೂಬೆಯ ಬಗ್ಗೆ ಬೇರೆಯವರು ಬರೆಯಲಿ.

ಮೂರು ಗಂಟೆಗೆ ಒಂದೇ ಪಟ್ಟಿ ಬೇಡ. ಹಾಗೆ ಮಾಡಿದರೆ ಗುಳುಮುಳುಕವೂ ಕವುಜುಗವೂ ನಕ್ಷೆಯ ಒಂದೇ ಚುಕ್ಕಿಗೆ ಅಂಟಿಕೊಳ್ಳುತ್ತವೆ. ಯಾವುದು ನೀರಿನಲ್ಲಿತ್ತು, ಯಾವುದು ಪೊದೆಯಲ್ಲಿತ್ತು ಎಂದು ಆಮೇಲೆ ಬಳಸುವವರಿಗೆ ತಿಳಿಯುವುದಿಲ್ಲ. ಏರಿ ಮುಗಿದು ಕುರುಚಲು ಶುರುವಾಗುವಲ್ಲಿ ಮೊದಲ ಪಟ್ಟಿ ನಿಲ್ಲಿಸಿ, ಹೊಸದನ್ನು ತೆರೆಯಿರಿ. ಒಂದೊಂದು ಪಟ್ಟಿಯೂ ಒಂದು ಗಂಟೆಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 8 ಕಿ.ಮೀ. ದಾಟುವುದಂತೂ ಬೇಡ.

ನಿಂತಲ್ಲೇ ನೋಡಿದ್ದಾದರೆ ‘ಸ್ಟೇಷನರಿ’. ಅಂದರೆ 30 ಮೀಟರ್‌ಗಿಂತ ಹೆಚ್ಚು ಕದಲಿರಬಾರದು. ನಡೆದಿದ್ದರೆ ‘ಟ್ರಾವೆಲಿಂಗ್’. ಹೋದ ದಾರಿಯಲ್ಲೇ ವಾಪಸು ಬಂದಿದ್ದರೆ ಒಂದು ಬದಿಯ ದೂರ ಮಾತ್ರ ಬರೆಯಬೇಕು, ಸಮಯ ಪೂರ್ತಿ ಬರೆಯಬೇಕು. ಮೊಬೈಲ್ ಆ್ಯಪ್ ಹೋಗಿದ್ದನ್ನೂ ಬಂದಿದ್ದನ್ನೂ ಕೂಡಿಸಿಬಿಡುತ್ತದೆ, ಆದ್ದರಿಂದ ಕಳಿಸುವ ಮುಂಚೆ ಕೈಯಾರೆ ತಿದ್ದಿ. ಬರುವಾಗ ಮತ್ತೆ ಕಂಡ ಅದೇ ಹಕ್ಕಿಗಳನ್ನು ಎರಡನೇ ಸಲ ಎಣಿಸಬಾರದು.

ಕೊನೆಯಲ್ಲಿ ‘ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ’ ಎಂದು ಕೇಳುತ್ತದೆ. ಅತಿ ಹೆಚ್ಚು ದಾಖಲೆಗಳು ಕೆಡುವುದು ಇಲ್ಲೇ. ಹೌದು ಎಂದು ಒತ್ತಿದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಆ ಹೊತ್ತಿಗೆ ಅಲ್ಲಿ ಸಿಗಲಿಲ್ಲ ಎಂಬುದೂ ಮಾಹಿತಿಯಾಗುತ್ತದೆ. ಕಾಗೆ, ಗೊರವಂಕಗಳನ್ನು ಬಿಟ್ಟು ಚೆಂದದ ಹಕ್ಕಿಗಳನ್ನಷ್ಟೇ ಬರೆದು ಹೌದು ಎಂದರೆ, ಕೆರೆಯಲ್ಲಿ ಕಾಗೆಯೇ ಇರಲಿಲ್ಲ ಎಂದಂತಾಯಿತು. ಗುರುತು ಸಿಗುವ ಮುಂಚೆ ಹಾರಿಹೋದ ಒಂದೆರಡು ಹಕ್ಕಿಗಳಿದ್ದರೂ ಹೌದು ಎನ್ನಬಹುದು, ಅದಕ್ಕೆ ಅಡ್ಡಿಯಿಲ್ಲ.

ಹಳೆಯ ಪುಟಗಳನ್ನು ಖಂಡಿತ ಹಾಕಿ, ‘ಹಿಸ್ಟಾರಿಕಲ್’ ಎಂಬ ಆಯ್ಕೆ ಇರುವುದೇ ಅದಕ್ಕೆ. ಇಲ್ಲದ ಸಮಯವನ್ನು ಊಹಿಸಿ ತುಂಬಬೇಡಿ.

‘ಎಕ್ಸ್’ ತಪ್ಪಲ್ಲ, ಆದರೆ ಹಕ್ಕಿ ಇತ್ತು ಎಂಬುದರ ಆಚೆಗೆ ಅದು ಏನನ್ನೂ ಹೇಳುವುದಿಲ್ಲ. ಅಂದಾಜು ಸಂಖ್ಯೆ ಅದಕ್ಕಿಂತ ಎಷ್ಟೋ ಮೇಲು. ಹಿಂಡಿನಲ್ಲಿ ತೀರಾ ಒತ್ತಾಗಿಯೂ ಅಲ್ಲದ, ತೀರಾ ಚದುರಿಯೂ ಇಲ್ಲದ ಜಾಗ ಹಿಡಿದು 10 ಬಾತುಗಳನ್ನು ಎಣಿಸಿ. ಅಷ್ಟು ಹಕ್ಕಿ ಬೈನಾಕ್ಯುಲರ್‌ನಲ್ಲಿ ಎಷ್ಟು ಅಗಲ ಹಿಡಿಯಿತು ನೋಡಿಕೊಂಡು, ಅದೇ ಅಳತೆಯಲ್ಲಿ ಹಿಂಡಿನ ಉದ್ದಕ್ಕೂ ಸಾಗಿ. ಹಿಂಡು ದೊಡ್ಡದಿದ್ದರೆ ಅಳತೆಯನ್ನು 50ಕ್ಕೆ ಏರಿಸಿಕೊಳ್ಳಿ. ಹಲವು ಜಾತಿ ಬೆರೆತಿದ್ದರೆ ಮೊದಲು ಒಟ್ಟು ಸಂಖ್ಯೆ, ಆಮೇಲೆ ಮೂರ್ನಾಲ್ಕು ಕಡೆ ಯಾವ ಜಾತಿ ಎಷ್ಟು ಪಾಲು ಎಂದು ನೋಡಿ ಹಂಚಿ.

ಜೊತೆಗೆ ಬೇರೆಯವರಿದ್ದರೆ ಪ್ರತಿಯೊಬ್ಬರೂ ಬೇರೆ ಬೇರೆ ಪಟ್ಟಿ ಹಾಕಬೇಡಿ. ಒಬ್ಬರು ಹಾಕಿ ಉಳಿದವರಿಗೆ ಶೇರ್ ಮಾಡಿದರೆ ಅದೇ ಹಕ್ಕಿಗಳು ಎರಡೆರಡು ಸಲ ಲೆಕ್ಕಕ್ಕೆ ಸೇರುವುದಿಲ್ಲ.

ಹಾಲಕ್ಕಿ:

ಗೂಬೆಯ ವಿಷಯ. ನೀವು ಬರೆದಿಡುವುದು ಬೇರೆ, ಊರಿಗೆಲ್ಲ ತೋರಿಸುವುದು ಬೇರೆ. ನೋಟ್‌ಬುಕ್ಕಿನಲ್ಲಿ ಬಂಡೆಯ ಜಿಪಿಎಸ್, ಮರಿಗಳ ಸಂಖ್ಯೆ, ದಿನಾಂಕ ಎಲ್ಲವೂ ಕರಾರುವಾಕ್ಕಾಗಿ ಇರಲಿ. ಮಸುಕಾಗಬೇಕಾದ್ದು ಹೊರಗೆ ಕಾಣುವ ಜಾಗ ಮಾತ್ರ.

ಇ-ಬರ್ಡ್‌ನಲ್ಲಿ ‘ಸೆನ್ಸಿಟಿವ್’ ಎಂದು ಗುರುತಿಸಿದ ಜಾತಿಗಳ ಜಾಗ 20 ಕಿ.ಮೀ. ಉದ್ದ, 20 ಕಿ.ಮೀ. ಅಗಲದ ಚೌಕವಾಗಿ ಮಾತ್ರ ಹೊರಗಿನವರಿಗೆ ಕಾಣುತ್ತದೆ. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಸೆನ್ಸಿಟಿವ್ ಜಾತಿಗಳ ಆ ಪಟ್ಟಿ ಜಾತಿಯನ್ನು ನೋಡುತ್ತದೆಯೇ ಹೊರತು ನಿಮ್ಮ ಗೂಡನ್ನಲ್ಲ, ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಕೂಡ. ಮೊದಲು ನಿಮ್ಮ ಭಾಗದ ನಕ್ಷೆಯಲ್ಲಿ ಆ ಜಾತಿಯನ್ನು ತೆರೆದು ಹತ್ತಿರಕ್ಕೆ ಹಿಗ್ಗಿಸಿ. ಎಷ್ಟು ಹಿಗ್ಗಿಸಿದರೂ ದೊಡ್ಡ ಚೌಕವೇ ಉಳಿದರೆ ಜಾಗ ಮರೆಯಾಗಿದೆ ಎಂದರ್ಥ. ಒಂದೊಂದೇ ಪಿನ್ ಕಾಣತೊಡಗಿದರೆ ನೀವು ಹಾಕುವ ಪಿನ್ನೂ ಹಾಗೆಯೇ ಎಲ್ಲರಿಗೂ ಕಾಣುತ್ತದೆ.

ಹಾಗೆ ಕಾಣುತ್ತಿದ್ದರೆ ಈಗಲೇ ಕಳಿಸಬೇಡಿ. ತಡವಾಗಿ ಹಾಕಿದರೂ ನೋಡಿದ ದಿನಾಂಕವನ್ನೇ ನಮೂದಿಸಬಹುದಾದ್ದರಿಂದ ದಾಖಲೆಗೆ ಏನೂ ನಷ್ಟವಿಲ್ಲ. ಎಷ್ಟು ತಡ ಎಂದರೆ, ಮರಿಗಳು ಗೂಡು ಬಿಟ್ಟ ದಿನಕ್ಕೆ ಲೆಕ್ಕ ಮುಗಿಸಬೇಡಿ. ಕೊಂಬಿನ ಗೂಬೆಯ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ನಡೆದು ಹೊರಬೀಳುತ್ತವೆ, ಬಂಡೆ ಬುಡದಲ್ಲಿ, ಪೊದೆಯಲ್ಲಿ ಕೂತಿರುತ್ತವೆ. ತಂದೆತಾಯಿ ತಿಂಗಳುಗಟ್ಟಲೆ ಉಣಿಸುತ್ತವೆ. ಅತಿ ಸುಲಭವಾಗಿ ಕೈಗೆ ಸಿಗುವ ಕಾಲ ಅದು. ಆಮೇಲೆ ಹಾಕುವಾಗಲೂ ಪಿನ್ ಬಂಡೆಯ ಮೇಲಿಡದೆ, ಇಡೀ ಪ್ರದೇಶಕ್ಕೆ ಇರುವ ಹಾಟ್‌ಸ್ಪಾಟ್ (ಎಲ್ಲರೂ ಬಳಸುವ ಸಾರ್ವಜನಿಕ ಪಿನ್) ಆರಿಸಿ. ಈ ಗೂಬೆಗಳು ಅದೇ ಸಂದಿಗೆ ಮುಂದಿನ ವರ್ಷವೂ ಮರಳಬಹುದು. ಗೂಡಿನಲ್ಲಿ ಮರಿ ಕಂಡಿದ್ದಕ್ಕೆ ‘ಎನ್‌ವೈ’ ಸಂಕೇತ ಹಾಕಿ, ಟಿಪ್ಪಣಿಯಲ್ಲಿ ದಾರಿ ಬರೆಯಬೇಡಿ.

ಎಲ್ಲ ಜೀವಿಗಳನ್ನೂ ದಾಖಲಿಸುವ ಐ-ನ್ಯಾಚುರಲಿಸ್ಟ್ ತಾಣ ಬಳಸುವವರು ಅಲ್ಲಿ ‘ಅಬ್‌ಸ್ಕ್ಯೂರ್ಡ್’ ಆರಿಸಿದರೆ ಜಾಗ 0.2 ಡಿಗ್ರಿಯ ಚೌಕದೊಳಗೆ ಮರೆಯಾಗುತ್ತದೆ. ಆದರೆ ಅದೇ ಬಂಡೆಯ ಓತಿಕ್ಯಾತವನ್ನು ಅದೇ ದಿನ ಮರೆಮಾಡದೆ ಹಾಕಿ, ‘ಗೂಬೆ ಬಂಡೆಯ ಹತ್ತಿರ’ ಎಂದು ಬರೆದರೆ ಮುಚ್ಚಿದ್ದೆಲ್ಲ ತೆರೆದುಕೊಂಡಿತು.

ಪಿಕಳಾರ:

ಗುಂಪಿಗೆ ‘ಗೂಡಿದೆ, ಮರಿಗಳಿವೆ, ಜಾಗ ಹೇಳುವುದಿಲ್ಲ’ ಎಂದು ನೇರವಾಗಿ ಬರೆಯಿರಿ. ನಂಬಿಕಸ್ಥರು ಎಂದು ಒಬ್ಬರಿಗೆ ಲೊಕೇಶನ್ ಕಳಿಸಿದರೂ ಒಂದು ಫಾರ್ವರ್ಡ್‌ಗೆ ಅದು ನೂರು ಜನರ ಕೈಯಲ್ಲಿರುತ್ತದೆ.

ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಿಪಿಎಸ್ ಅಡಗಿರುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ. ಗುಣಮಟ್ಟ ಕೆಡಬಾರದೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಉಳಿದು ಹೋಗುತ್ತದೆ. ಮೂಲ ಫೈಲನ್ನು ಜಿಪಿಎಸ್ ಸಮೇತ ನೀವಿಟ್ಟುಕೊಳ್ಳಿ, ಹಂಚುವ ಪ್ರತಿಯಿಂದ ಮಾತ್ರ ಅದನ್ನು ತೆಗೆಯಿರಿ. ಜಿಪಿಎಸ್ ತೆಗೆದರೂ ಹಿನ್ನೆಲೆ ಸುಳಿವು ಕೊಡುತ್ತದೆ: ಬಂಡೆಯ ಬಿರುಕು, ದೂರದ ವಿದ್ಯುತ್ ಕಂಬ, ಕೆರೆಯ ತೂಬು. ನನ್ನ ಮಟ್ಟಿಗೆ ಮರಿಯಿರುವ ಗೂಡಿನ ಫೋಟೋ ಹಂಚುವುದೇ ಬೇಡ. ಕಂಡವರಿಗೆ ಇನ್ನೂ ಹತ್ತಿರದ ಫೋಟೋ ಬೇಕೆನಿಸುತ್ತದೆ.

ನೀವೂ ದೂರದಿಂದಲೇ ನೋಡಿ. ಗೂಬೆ ಕೊಂಬು ನಿಮಿರಿಸಿ, ಮೈ ಸೆಳೆದು ನೆಟ್ಟನೆ ಕೂತು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಆಗಲೇ ಅತಿ ಹತ್ತಿರ ಹೋಗಿದ್ದೀರಿ, ಹಿಂದೆ ಸರಿಯಿರಿ. ತಾಯಿ ಎದ್ದುಹೋದರೆ ಮರಿಗಳು ಬಿಸಿಲಿಗೂ ಕಾಗೆಗೂ ಸಿಗುತ್ತವೆ. ಕಾಣಲೆಂದು ಅಡ್ಡ ಬಂದ ರೆಂಬೆ ಸರಿಸಬೇಡಿ. ಪದೇ ಪದೇ ಅದೇ ಜಾಡಿನಲ್ಲಿ ಹುಲ್ಲು ತುಳಿದರೆ ಅದು ಗೂಡಿಗೆ ದಾರಿ ತೋರಿಸುತ್ತದೆ.

ಟಿಟ್ಟಿಭ:

ತುಂಬಾ ಉಪಯೋಗವಾಯಿತು. ಇನ್ನೆರಡು ಕೇಳಿಬಿಡುತ್ತೇನೆ. ಮರ್ಲಿನ್ ಆ್ಯಪ್ ದನಿ ಕೇಳಿ ತೋರಿಸಿದ ಹೆಸರುಗಳನ್ನೂ ಪಟ್ಟಿಗೆ ಸೇರಿಸಬಹುದೇ? ಖಚಿತಪಡಿಸಿಕೊಳ್ಳಲು ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಬಹುದೇ?

ನೀರುಕಾಗೆ:

ಮರ್ಲಿನ್ ತೋರಿಸಿದ್ದು ಸುಳಿವು ಮಾತ್ರ. ಆ ದನಿಯನ್ನು ನೀವೇ ಗುರುತಿಸಿದರೆ ಅಥವಾ ಹಕ್ಕಿಯನ್ನು ಕಣ್ಣಾರೆ ಕಂಡರೆ ಸೇರಿಸಿ, ಇಲ್ಲದಿದ್ದರೆ ಬಿಡಿ. ಭೀಮರಾಜ ಗಿಡುಗದ ಕೂಗನ್ನು ಅನುಕರಿಸಿದರೆ ಆ್ಯಪ್ ಗಿಡುಗ ಎಂದೇ ತೋರಿಸಬಹುದು.

ಕೂಗು ಹಾಕುವುದು ಬೇಡ, ಮರಿ ಮಾಡುವ ಕಾಲದಲ್ಲಂತೂ ಬೇಡವೇ ಬೇಡ. ತನ್ನ ಜಾಗಕ್ಕೆ ಎದುರಾಳಿ ನುಗ್ಗಿದೆ ಎಂದುಕೊಂಡು ಹಕ್ಕಿ ಮೇವು, ಮರಿ ಎಲ್ಲ ಬಿಟ್ಟು ಹುಡುಕಾಡುತ್ತದೆ.

ಅಪರೂಪದ ಹಕ್ಕಿ ಹಾಕಿದಾಗ ಇ-ಬರ್ಡ್‌ನ ದಾಖಲೆ ಪರಿಶೀಲಿಸುವ ರಿವ್ಯೂವರ್ ವಿವರ ಕೇಳಿದರೆ ಬೇಸರ ಪಡಬೇಡಿ, ‘ಖಂಡಿತ ಅದೇ’ ಎಂಬ ಉತ್ತರವನ್ನೂ ಕೊಡಬೇಡಿ. ಕೊಕ್ಕಿನ ಆಕಾರ, ರೆಕ್ಕೆಪಟ್ಟಿ ಇತ್ತೇ ಇಲ್ಲವೇ, ಬೆಳಕು ಯಾವ ಕಡೆಯಿಂದ, ಎಷ್ಟು ದೂರ, ಹೋಲುವ ಇನ್ನೊಂದು ಜಾತಿ ಏಕಲ್ಲ ಎಂದು ಬರೆಯಿರಿ. ಇದನ್ನು ಪುಸ್ತಕ ತೆರೆಯುವ ಮುಂಚೆ, ಸ್ಥಳದಲ್ಲೇ ಗೀಚಿಕೊಳ್ಳಬೇಕು. ಚಿತ್ರ ನೋಡಿದ ಮೇಲೆ ಕಂಡದ್ದಕ್ಕೂ ಓದಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ದನಿ ಮುದ್ರಿಸಿದ್ದರೆ ಅದನ್ನೂ ಲಗತ್ತಿಸಿ. ಎಂಪಿ3 ಮಾಡದೆ ‘ವೇವ್’ ಫೈಲನ್ನೇ ಹಾಕಿ. ಮುದ್ರಣದ ಕೊನೆಗೆ ದಿನಾಂಕ, ಜಾಗ ಹೇಳಿ ಮುಗಿಸುವ ರೂಢಿ ಹಲವರಿಗಿದೆ. ಗೂಬೆಯ ದನಿಯಾದರೆ ಆ ಭಾಗ ಕತ್ತರಿಸಿಯೇ ಅಪ್‌ಲೋಡ್ ಮಾಡಿ.