‘ಇಶ್ಯೂ’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದೇ ಒಂದು ಪದಕ್ಕೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಮತದಾರರ ಸಮೀಕ್ಷೆಯೊಂದರ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮತದಾರರ ಪಟ್ಟಿಯಲ್ಲಿ ಹೆಸರಿರುವವರನ್ನು ಮಾತಾಡಿಸಿ, ಮತ ಹಾಕುವಾಗ ಅವರಿಗೆ ಮುಖ್ಯವಾಗುವ ‘ಇಶ್ಯೂ’ಗಳು ಯಾವುವು ಅಂತ ಕೇಳಬೇಕು. ಈ ‘ಇಶ್ಯೂ’ಗೆ ಏನು ಬರೆಯಲಿ?

ಮೊದಲು ‘ಸಮಸ್ಯೆ’ ಅಂತ ಬರೆದೆ. ಒಬ್ಬ ಹಿರಿಯರಿಗೆ ಓದಿ ಹೇಳಿದೆ: ‘ನಿಮಗೆ ಮುಖ್ಯವಾದ ಸಮಸ್ಯೆ ಯಾವುದು?’ ಅವರು ತಡಮಾಡದೆ ‘ಮಂಡಿನೋವು’ ಅಂದರು. ಕೇಳಿದ್ದಕ್ಕೆ ಸರಿಯಾದ ಉತ್ತರವೇ ಅದು. ತಪ್ಪಿದ್ದದ್ದು ಪ್ರಶ್ನೆಯಲ್ಲಿ.

‘ಸಮಸ್ಯೆ’ ಅಂದ ಕೂಡಲೇ ಏನೋ ಕೆಟ್ಟಿದೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತದೆ. ಒಬ್ಬರಿಗೆ ಶಿಕ್ಷಣ ತುಂಬಾ ಮುಖ್ಯ, ಶಾಲೆಗಳೂ ಚೆನ್ನಾಗಿ ನಡೆಯುತ್ತಿವೆ ಅಂದುಕೊಳ್ಳಿ. ಅವರು ಮತ ಹಾಕುವುದು ಶಿಕ್ಷಣವನ್ನು ನೋಡಿಯೇ. ಆದರೂ ಸಮಸ್ಯೆಗಳ ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕುವುದಿಲ್ಲ. ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ 1930ರ ದಶಕದಿಂದ ಕೇಳುತ್ತ ಬಂದಿರುವ ಹೆಸರಾಂತ ಪ್ರಶ್ನೆಯಲ್ಲಿ ‘ದೇಶದ ಮುಂದಿರುವ ಅತಿ ಮುಖ್ಯ ಸಮಸ್ಯೆ’ ಅಂತ ಇದೆ ನಿಜ. ಅಲ್ಲಿ ಆ ಪದ ಸರಿ. ಅವರಿಗೆ ಬೇಕಾದದ್ದು ಸಮಸ್ಯೆಯೇ. ‘ದೇಶದ ಮುಂದಿರುವ’ ಅನ್ನುವ ಮಾತು ಮಂಡಿನೋವನ್ನೂ ದೂರ ಇಡುತ್ತದೆ.

‘ವಿಷಯ’ ತೀರಾ ಸಡಿಲ. ‘ವಿಚಾರ’ ಹತ್ತಿರ ಬರುತ್ತದೆ; ‘ನೀರಿನ ವಿಚಾರಕ್ಕೆ ಮತ ಹಾಕಿದೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ‘ರಾಜಕೀಯ ವಿಚಾರಗಳು’ ಅಂತ ಬಹುವಚನ ಮಾಡಿ ನೋಡಿ, ಅದು ಸಿದ್ಧಾಂತದ ಕಡೆಗೆ ಜಾರುತ್ತದೆ. ‘ಭೂಮಿಯ ಪ್ರಶ್ನೆ’, ‘ಭಾಷೆಯ ಪ್ರಶ್ನೆ’ ಅನ್ನುವ ಬಳಕೆ ನನಗೆ ಬಹಳ ಇಷ್ಟ. ಪ್ರಶ್ನಾವಳಿಯಲ್ಲಿ ಮಾತ್ರ ಅದು ನಡೆಯಲ್ಲ, ‘ಈ ಪ್ರಶ್ನೆಗಳಲ್ಲಿ ನಿಮಗೆ ಮುಖ್ಯವಾದ ಪ್ರಶ್ನೆ ಯಾವುದು’ ಅಂದರೆ ಕೇಳುವವರೇ ತಬ್ಬಿಬ್ಬಾಗುತ್ತಾರೆ.

ಹಾಗಾದರೆ ‘ಇಶ್ಯೂ’ ಅಂತಲೇ ಬಿಡೋಣ ಅಂದುಕೊಂಡು ಅದೇ ಹಿರಿಯರನ್ನು ಕೇಳಿದೆ. ‘ಏನು ಗಲಾಟೆ ಆಯ್ತು?’ ಅಂದರು. ಹೌದಲ್ವಾ, ಮಾತಿನಲ್ಲಿ ‘ಅಲ್ಲಿ ಏನೋ ಇಶ್ಯೂ ಆಗಿದೆಯಂತೆ’ ಅಂದರೆ ಜಗಳ ಅಂತಲೇ ಅರ್ಥ.

ಹೆಸರುಪದ ಬಿಟ್ಟು, ‘ಯಾರಿಗೆ ಮತ ಹಾಕಬೇಕು ಅಂತ ತೀರ್ಮಾನಿಸುವಾಗ ಏನೇನು ನೋಡುತ್ತೀರಿ?’ ಅಂತಲೂ ಬರೆದು ನೋಡಿದೆ. ಓದಲು ಸಲೀಸಾಗಿದೆ. ಆದರೆ ‘ಅಭ್ಯರ್ಥಿಯನ್ನು ನೋಡ್ತೀನಿ’, ‘ಪಕ್ಷ ನೋಡ್ತೀನಿ’ ಅನ್ನುವ ಉತ್ತರಗಳು ಬಂದವು. ಕೆಳಗೆ ಬೆಲೆಯೇರಿಕೆ, ಉದ್ಯೋಗ, ಆಸ್ಪತ್ರೆ ಅಂತ ಪಟ್ಟಿ ಕೊಟ್ಟರೆ ಸರಿಹೋಗುತ್ತದೆ. ಆ ಪಟ್ಟಿಗೆ ತಲೆಬರಹ ಬೇಕಲ್ಲ, ಅಲ್ಲಿಗೆ ಮತ್ತೆ ಅದೇ ಪದ!

ಇನ್ನೊಂದು ಮಾತು. ಕರಡು ನೋಡಿದವರೊಬ್ಬರು ‘ಸಮೀಕ್ಷೆ’ ಹೊಡೆದುಹಾಕಿ ‘ಜನಮತಗಣನೆ’ ಅಂತ ತಿದ್ದಿದ್ದಾರೆ. ಇದನ್ನು ನಾನು ಒಪ್ಪಲಾರೆ. ಒಂದು ಪ್ರಶ್ನೆಯನ್ನು ಎಲ್ಲ ಮತದಾರರ ಮುಂದಿಟ್ಟು ಮತ ಹಾಕಿಸುವುದು ಜನಮತಗಣನೆ. ಸಮೀಕ್ಷೆಯಲ್ಲಿ ಕೆಲವರನ್ನು ಆರಿಸಿ ಕೇಳುತ್ತೇವೆ. ಎಷ್ಟು ಜನ ಅನ್ನುವುದಕ್ಕಿಂತ ಹೇಗೆ ಆರಿಸಿದೆವು ಅನ್ನುವುದೇ ಅಲ್ಲಿ ಮುಖ್ಯ. 1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ನಡೆಸಿದ ಸಮೀಕ್ಷೆಗೆ 20 ಲಕ್ಷಕ್ಕೂ ಜಾಸ್ತಿ ಜನರಿಂದ ಉತ್ತರ ಬಂದಿತ್ತು. ಪತ್ರಿಕೆ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ಆದರೆ ಎದುರಾಳಿ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಎಣಿಕೆ ದೊಡ್ಡದಿತ್ತು, ಆಯ್ಕೆ ಸರಿಯಿರಲಿಲ್ಲ.

ಹೀಗೆ ಆರಿಸಿದವರನ್ನು ‘ಮಾದರಿ ಮತದಾರರು’ ಅನ್ನುವುದೂ ನನಗೆ ಹಿಡಿಸಿಲ್ಲ. ಇತರರು ಅನುಸರಿಸಬೇಕಾದ ಆದರ್ಶ ಮತದಾರರು ಅಂತ ಓದಿಬಿಡುತ್ತಾರೆ. ಸುಮ್ನೆ ‘ಆಯ್ದ ಮತದಾರರು’ ಅಂತ ಬರೆದಿದ್ದೇನೆ.

ತಲೆಬರಹಕ್ಕೆ ಸದ್ಯಕ್ಕೆ ‘ಮತ ಹಾಕುವಾಗ ಗಮನಿಸುವ ಸಂಗತಿಗಳು’ ಅಂತ ಇಟ್ಟಿದ್ದೇನೆ. ‘ಸಂಗತಿ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನಿಮ್ಮ ಕಡೆ ಚುನಾವಣೆಯ ಮಾತು ಬಂದಾಗ ಜನ ಬಾಯಲ್ಲಿ ಆಡುವ ಬೇರೆ ಪದ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜೊತೆಗೇ ತಿಳಿಸಿ.